ಇನ್ನೊಬ್ಬನ ಎತ್ತರ

ಬಂದರು ಕಚೇರಿಯಲ್ಲಿ ನೀರಿನೆತ್ತರ ಬರೆಯುವುದು ನನ್ನ ಕೆಲಸ.
ಭರತಿ ಇಷ್ಟು, ಇಳಿತ ಇಷ್ಟು, ಹೊತ್ತು ಇಷ್ಟು.
ಈ ಸೈಕಲ್ಲಿನ ಸೀಟು ಮಾತ್ರ
ತಿಂಗಳಾದರೂ ಒಂದು ನೂಲಿನಷ್ಟೂ ಇಳಿಯಲಿಲ್ಲ.

ಬೈತಖೋಲದಲ್ಲಿ ಕೊಂಡದ್ದು, ವರ್ಗವಾಗಿ ಹೊರಟಿದ್ದ
ನೌಕಾದಳದವನಿಂದ. ಆರಡಿ ಮೂರಿಂಚಿನ ಹರಿಯಾಣದವ.
ಅವ ಹೋದ, ಅವನ ಕಾಲಿನುದ್ದ ಇಲ್ಲೇ ಉಳಿಯಿತು:
ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಂ ಕೋಲು,
ಎರಡರ ನಡುವೆ ನಾಲ್ಕು ಮಳೆಗಾಲದ ಉಪ್ಪುಗಾಳಿ.
ಹತ್ತಿ ಕೂತರೆ
ನನ್ನ ಹೆಬ್ಬೆರಳಿಗೂ ಪೆಡಲು ನಿಲುಕದು.

ಕೋಡಿಬಾಗದ ಇನಾಸನ ಅಂಗಡಿಗೆ ಹೆಸರಿಲ್ಲ,
ಒಂದು ಸೊಟ್ಟ ರಿಮ್ಮು ತೂಗುತ್ತದೆ, ಅದೇ ಬೋರ್ಡು.
ಉಗುರಿನಿಂದ ಫ್ರೇಮಿಗೆ ಬಾರಿಸಿ ಕಿವಿಗೊಟ್ಟ,
ಕಲ್ಲಂಗಡಿ ಆರಿಸುವವನ ಹಾಗೆ.
"ಕೂಡುಗಳಿಗೆ ಹಿತ್ತಾಳೆ ಕುಡಿಸಿದ್ದಾರೆ ಬಾಯ್,
ಇದು ನಿನ್ನ ನಂತರವೂ ಇರ್ತದೆ.
ಕೋಲಿನದು ಹೇಳಲಾರೆ. ರಾವ್ ಗೋ, ಅವಸರ ಬೇಡ."

ಮೊದಲ ವಾರ ಸೀಮೆಎಣ್ಣೆ.
ಎರಡನೆಯ ವಾರ ಸೈಕಲ್ಲು ತಲೆಕೆಳಗು,
ಪೆಡಲಿನ ಅಚ್ಚು ಬಿಚ್ಚಿದ ತೂತಿನಿಂದ ಹನಿಹನಿ ಅಮೋನಿಯಾ,
ಐಸ್ ಫ್ಯಾಕ್ಟರಿಯ ಗೆಳೆಯ ಬಾಟಲಿಯಲ್ಲಿ ಕೊಟ್ಟದ್ದು.
ಆ ವಾರ ಪಂಚರಿಗೆ ಬಂದವರೆಲ್ಲ ಅತ್ತು ಹೋದರು.

ಕಾಯುತ್ತ ಉಳಿದ ಸಾಮಾನು ಆರಿಸಿದೆವು, ಜಗಳದಲ್ಲೇ.
ನನಗೆ ದೇವಿಮನೆ ಘಾಟಿ ಹತ್ತಿ ಶಿರಸಿ ಮುಟ್ಟಬೇಕು,
ಮುಂದಿನ ಚಕ್ರಕ್ಕೆ ನಲವತ್ತೆಂಟು ಹಲ್ಲು.
ಇಪ್ಪತ್ತೆಂಟರದು ಹಾಕು ಅಂದೆ.
"ಹೊಲಿಗೆ ಮಷೀನು ತುಳಿದ ಹಾಗಾಗ್ತದೆ."
ಆಗಲಿ.
"ನಡೆದು ಹೋಗುವವರು ನಿನ್ನ ದಾಟಿ ಹೋಗ್ತಾರೆ."
ಹೋಗಲಿ.
ಮೂವತ್ತಕ್ಕೆ ರಾಜಿ; ಹುಬ್ಬಳ್ಳಿಯ ಗುಜರಿಯಿಂದ ಬಂತು,
ಒಂದು ಹಲ್ಲು ಮೊಂಡು.

ಹಬ್ಬಿಗೆ ಮುಚ್ಚಿದ ಬೇರಿಂಗು ಕೇಳಿದ್ದಕ್ಕೆ ಬೈದ:
"ಘಾಟಿಯ ನಡುವೆ ಅದು ಹೋದರೆ ಯಾರ ಬಾಗಿಲು ತಟ್ಟುತ್ತೀ?
ಬಿಡಿಗುಂಡು ಕತಗಾಲದ ಪಂಚರಿನವನ ಡಬ್ಬಿಯಲ್ಲೂ ಸಿಗ್ತದೆ.
ಬಿಚ್ಚಲು ಬರದ್ದನ್ನು ಕೂಡಿಸಬೇಡ."
ಚರ್ಮದ ಸೀಟಿಗೆ ಕೊಬ್ಬರಿಎಣ್ಣೆ ಹಚ್ಚಿದಾಗಲೂ ಬೈದ:
"ತಲೆಯಾ ಅದು? ಮೆತ್ತಗಾದರೆ ಜೋಲ್ತದೆ. ಜೇನುಮೇಣ ತಾ."

ಇಪ್ಪತ್ಮೂರನೆಯ ದಿನ, ಅಮಾವಾಸ್ಯೆ.
ಆ ದಿನದ ಭರತಿ ದೊಡ್ಡದು, ನಾನೇ ಬರೆದಿದ್ದೆ.
ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ ಇನಾಸ.
ವೈಸಿಗೆ ಕೋಲು ಕಚ್ಚಿಸಿ
ಇಡೀ ಫ್ರೇಮನ್ನೇ ತಿರುಗಿಸಿದೆವು,
ಆ ತುದಿಗೆ ಅವ, ಈ ತುದಿಗೆ ನಾನು,
ಒಂದೇ ಬೀಸುಕಲ್ಲಿಗೆ ಇಬ್ಬರು ಕೂತಂತೆ.
ಮೊದಲು ಏನಿಲ್ಲ.
ಆಮೇಲೆ ಒಂದು ಕೀರಲು,
ದಕ್ಕೆಗೆ ದೋಣಿ ಮೈಯುಜ್ಜಿದ ಸದ್ದು.
ಬಿಳಿ ಪುಡಿ ಉದುರಿತು, ಸಾಣಿಕಟ್ಟೆಯ ಉಪ್ಪಿನ ಹಾಗೆ.
"ನಾಲಿಗೆಗೆ ಮುಟ್ಟಿಸಬೇಡ ಮತ್ತೆ," ಅಂದ,
ಮೂರು ವಾರಕ್ಕೆ ಮೊದಲ ಸಲ ನಗುತ್ತ.

ಮರಳುಕಾಗದದಲ್ಲಿ ಉಜ್ಜಿ, ಒರೆಸಿ,
ಬಾಣಂತಿ ಕೂಸಿಗೆ ಎಣ್ಣೆ ಹಚ್ಚುವ ಧಾರಾಳದಲ್ಲಿ ಗ್ರೀಸು ಬಳಿದೆ.
ಹುಣ್ಣಿಮೆಗೊಮ್ಮೆ ಕಿತ್ತು ಒರೆಸಿ ಮತ್ತೆ ಬಳಿ, ಇಷ್ಟೇ ಷರತ್ತು.
ಕೋಲಿನ ಮೇಲೆ ಅವನ ಎತ್ತರದ ಗೆರೆ ಕಪ್ಪಗಿತ್ತು,
ಒತ್ತಿದಂತೆ ಅದು ಕೊಳವೆಯೊಳಗೆ ಮುಳುಗಿತು.
ಹತ್ತು ಬೆರಳು ಮೇಲೆ
ಮೊಳೆಯಿಂದ ನನ್ನದೊಂದು ಗೀರಿದೆ,
ಅಳತೆಗೋಲಿಗೆ ಗೀರುವ ಹಾಗೆ.

ಭಾನುವಾರ ನಸುಕಿಗೆ ಕಾಳಿ ಸೇತುವೆ.
ಎಡಗಾಲು ಇಳಿದಾಗಲೆಲ್ಲ ಎಲ್ಲೋ ಒಂದು ಟಿಕ್.
ಪೆಡಲೋ, ಕಾಟರ್ ಪಿನ್ನೋ, ನನ್ನ ಮೊಣಕಾಲೋ.
ನಡುವೆ ಇಳಿದು ಕಿವಿಗೊಟ್ಟೆ.
ಕೆಳಗೆ ನೀರು ಸಮುದ್ರದ ಕಡೆಯಿಂದ ಒಳಗೆ ಬರುತ್ತಿತ್ತು.
ನಿಂತ ಸೈಕಲ್ಲು ಏನೂ ಹೇಳಲಿಲ್ಲ.
ಹತ್ತಿದೆ.
ಟಿಕ್.